ಗಾಲಿಯ ಹೊಳಪು, ಗೀರಿನ ಲೆಕ್ಕ

ಮೇ ತಿಂಗಳ ಒಂದು ಬೆಳಿಗ್ಗೆ ಎದುರುಮನೆಯ ಅಂಗಳದಿಂದ ಕರ್ರಕರ್ರ ಎಂಬ ಸದ್ದು ಶುರುವಾಯಿತು. ಹಲ್ಲು ಜುಮ್ಮೆನ್ನುವಂಥ ಸದ್ದು. ಎದ್ದು ಹೋಗಿ ನೋಡಿದರೆ, ಸಿಇಟಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಆ ಮನೆಯ ಹುಡುಗ ಕಾರಿನ ಗಾಲಿಯೊಂದನ್ನು ಗೋಣಿಚೀಲದ ಮೇಲೆ ಮಲಗಿಸಿಕೊಂಡು ಒರಟು ಎಮರಿ ಕಾಗದದಿಂದ ಉಜ್ಜುತ್ತ ಕುಳಿತಿದ್ದ. ತಲೆಗೂದಲು, ಹುಬ್ಬು, ಚಿಗುರುಮೀಸೆ ಎಲ್ಲ ಬೂದಿಬಣ್ಣ. ಪಕ್ಕದಲ್ಲಿ ಅರ್ಧ ಖಾಲಿಯಾದ ಪಾಲಿಶ್ ಡಬ್ಬಿ.

ಅವನ ತಂದೆಗೆ ಮಾವಿನ ವ್ಯಾಪಾರ. ಶ್ರೀನಿವಾಸಪುರದ ಮಂಡಿಗೂ ಮುಳಬಾಗಿಲು ಕಡೆಯ ತೋಪುಗಳಿಗೂ ಓಡಾಡಲು ಒಂದು ಹಳೆಯ ಕಾರು ಇಟ್ಟುಕೊಂಡಿದ್ದಾರೆ. ಅದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ನಾಲ್ಕು ಹಳೆಯ ಅಲ್ಯುಮಿನಿಯಂ ಗಾಲಿಗಳನ್ನು ತಂದು ಹಾಕಿಸಿದ್ದರು. ಎಂದೋ ಹೊಳೆಯುತ್ತಿದ್ದ ಗಾಲಿಗಳು ಈಗ ಬೂಷ್ಟು ಹಿಡಿದಂತೆ ಮಂಕಾಗಿದ್ದವು. ರಜೆಯಲ್ಲಿ ಅವನ್ನು ಕನ್ನಡಿಯಂತೆ ಮಾಡಿಕೊಡುತ್ತೇನೆಂದು ಮಗ ಮಾತು ಕೊಟ್ಟಿದ್ದ.

"ಎಷ್ಟು ಉಜ್ಜಿದ್ರೂ ಹೊಳೀತಾನೇ ಇಲ್ಲ ಮೇಷ್ಟ್ರೇ. ಪಾಲಿಶ್ ಸರಿ ಇಲ್ಲ ಅನ್ಸುತ್ತೆ. ಇನ್ನೂ ಒಳ್ಳೇದು ತರ್ಬೇಕು" ಎಂದ.

"ನೀವಾದ್ರೂ ಬುದ್ಧಿ ಹೇಳಿ ಮೇಷ್ಟ್ರೇ. ಎರಡು ದಿವಸದಿಂದ ಇದೇ ಧೂಳು. ಒಣಗಾಕಿದ ಹಪ್ಪಳದ ಮೇಲೆಲ್ಲ ಕೂತಿದೆ" ಎಂದು ಅವನ ತಾಯಿ ಒಳಗಿನಿಂದ ಹೇಳಿದರು.

ಇಬ್ಬರ ದೂರೂ ಸರಿಯಾಗಿಯೇ ಇತ್ತು. ತಪ್ಪು ಮಾತ್ರ ಪಾಲಿಶ್ ಡಬ್ಬಿಯದಲ್ಲ. ಅವನು ಮರಗೆಲಸಕ್ಕೆ ಬಳಸುವ 80 ನಂಬರಿನ ಕಾಗದದಿಂದ ಉಜ್ಜಿ, ಅದರ ಮೇಲೆ ನೇರವಾಗಿ ಪಾಲಿಶ್ ಬಳಿದಿದ್ದ. ಗಾಲಿಯ ತುಂಬ ಉಳುಮೆ ಮಾಡಿದ ಹೊಲದಂತೆ ಸಾಲುಗಳು ಬಿದ್ದಿದ್ದವು.

ಹೊಳಪು ಎಂಬುದನ್ನು ನಾವು ಹೊರಗಿನಿಂದ ಹಚ್ಚುವ ವಸ್ತು ಎಂದು ತಿಳಿಯುತ್ತೇವೆ. ಎಣ್ಣೆ ಹಚ್ಚಿದ ತಲೆ, ಬಣ್ಣ ಬಳಿದ ಬಾಗಿಲು ನೋಡಿ ಬಂದ ಅಭ್ಯಾಸ ಅದು. ಲೋಹದ ವಿಷಯ ಬೇರೆ. ಲೋಹ ತಾನಾಗಿಯೇ ಬೆಳಕನ್ನು ಚೆನ್ನಾಗಿ ಹಿಂದಕ್ಕೆ ಕಳಿಸುತ್ತದೆ. ಮೇಲ್ಮೈ ಸಮತಟ್ಟಾಗಿದ್ದರೆ ಬೆಳಕಿನ ಕಿರಣಗಳೆಲ್ಲ ಒಂದೇ ಶಿಸ್ತಿನಲ್ಲಿ ಮರಳುತ್ತವೆ, ನಮ್ಮ ಮುಖ ಅದರಲ್ಲಿ ಕಾಣುತ್ತದೆ. ಗೀರುಗಳಿದ್ದರೆ ಒಂದೊಂದು ಕಿರಣ ಒಂದೊಂದು ದಿಕ್ಕಿಗೆ ಚದುರುತ್ತದೆ, ಮೇಲ್ಮೈ ಮಂಕಾಗಿ ಕಾಣುತ್ತದೆ. ಆದ್ದರಿಂದ ಪಾಲಿಶ್ ಮಾಡುವುದೆಂದರೆ ಇರುವ ಗೀರುಗಳನ್ನು ಅದಕ್ಕಿಂತ ಸಣ್ಣ ಗೀರುಗಳಿಂದ ಅಳಿಸುತ್ತ ಹೋಗುವುದು, ಅಷ್ಟೇ. ಕೊನೆಗೆ ಉಳಿಯುವ ಗೀರುಗಳು ಬೆಳಕಿನ ಅಲೆಯಷ್ಟು ಸಣ್ಣದಾದಾಗ ಕಣ್ಣು ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಲೆಕ್ಕ ಬೇಕೆನ್ನುವ ವಿದ್ಯಾರ್ಥಿಗಳಿಗೆ ಲೆಕ್ಕವೂ ಇದೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಪಿ-80 ಕಾಗದದ ಕಣ ಸುಮಾರು 200 ಮೈಕ್ರಾನ್. ಪಿ-220ರದು ಸುಮಾರು 68, ಪಿ-400ರದು 35, ಪಿ-1000ದ್ದು 18, ಪಿ-2000ದ್ದು 10. ಪಾಲಿಶ್ ಡಬ್ಬಿಯೊಳಗಿನ ಕಣಗಳು ಇವೆಲ್ಲಕ್ಕಿಂತ ಬಹಳ ಚಿಕ್ಕವು. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದವೋ 0.4ರಿಂದ 0.7 ಮೈಕ್ರಾನಿನೊಳಗೆ. ನಂಬರು ಹೆಚ್ಚಿದಂತೆ ಕಣ ಚಿಕ್ಕದು ಎಂಬುದನ್ನು ಅಂಗಡಿಗೆ ಹೋಗುವಾಗ ನೆನಪಿಟ್ಟುಕೊಳ್ಳಬೇಕು. ಅನೇಕರು ಇದನ್ನು ತಲೆಕೆಳಗಾಗಿ ತಿಳಿದಿರುತ್ತಾರೆ. ನಮ್ಮ ಹುಡುಗ 200ರಿಂದ ನೇರವಾಗಿ ಪಾಲಿಶ್‌ಗೆ ಹಾರಿದ್ದ. ಪಾಲಿಶ್ ಆ ಉಳುಮೆಸಾಲಿನ ಅಂಚುಗಳನ್ನು ಮಾತ್ರ ನಯಗೊಳಿಸಿತು. ಗೀರುಗಳು ಹೋಗುವ ಬದಲು ಮಿರಮಿರ ಮಿಂಚತೊಡಗಿದವು.

ಇದು ನಮ್ಮ ಜಿಲ್ಲೆಗೆ ಹೊಸ ವಿದ್ಯೆಯೇನಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕಲ್ಲಿನಲ್ಲೂ ಲೋಹದಲ್ಲೂ ವಿಗ್ರಹ ಮಾಡುವ ಶಿಲ್ಪಿಗಳ ಊರದು. ವಿಗ್ರಹ ನೋಡಲು ಹೋದವರೆಲ್ಲ ಉಳಿಯ ಮುಂದೆ ನಿಂತುಬಿಡುತ್ತಾರೆ. ಉಜ್ಜುವವರ ಮುಂದೆ ಯಾರೂ ನಿಲ್ಲುವುದಿಲ್ಲ. ಆದರೆ ಕೃಷ್ಣಶಿಲೆಯ ಕೆನ್ನೆಗೆ ನಯ ಬರುವುದು ಅಲ್ಲಿ, ಒರಟಿನಿಂದ ನುಣುಪಿಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಗುವ ಆ ಬೇಸರದ ಕೆಲಸದಲ್ಲಿ. ಮುಳಬಾಗಿಲು ಬಳಿಯ ಕುರುಡುಮಲೆಯ ಗಣಪತಿಯನ್ನು ನೀವು ನೋಡಿರುತ್ತೀರಿ. ಆಳೆತ್ತರದ ಎರಡು ಪಟ್ಟಿಗೂ ಮೀರಿದ ಏಕಶಿಲೆಯ ಮೂರ್ತಿ. ದೀಪದ ಬೆಳಕಿನಲ್ಲಿ ಅದರ ಕಪ್ಪು ಮಿಂಚುವುದಕ್ಕೆ ಎಣ್ಣೆ ಕಾರಣವೆಂದು ಹೇಳುವವರಿದ್ದಾರೆ. ಎಣ್ಣೆಯ ಪಾಲೂ ಇದೆ, ನಿಜ. ಎಣ್ಣೆ ಸಣ್ಣ ಕುಳಿಗಳನ್ನು ತುಂಬಿ ಮೇಲ್ಮೈಯನ್ನು ತಾತ್ಕಾಲಿಕವಾಗಿ ಸಮ ಮಾಡುತ್ತದೆ. ಆದರೆ ಚಪ್ಪಡಿಕಲ್ಲಿಗೆ ಕೊಡಗಟ್ಟಲೆ ಎಣ್ಣೆ ಸುರಿದರೂ ಅದು ಗಣಪತಿಯಂತೆ ಮಿಂಚುವುದಿಲ್ಲ.

ಹಬ್ಬಕ್ಕೆ ಮುಂಚೆ ಹಿತ್ತಾಳೆ ಪಾತ್ರೆ ಬೆಳಗುತ್ತಿದ್ದ ಅಜ್ಜಿಯರಿಗೂ ಈ ಲೆಕ್ಕ ಗೊತ್ತಿತ್ತು. ಮಾಲೂರು ಹೆಂಚಿನ ಚೂರನ್ನು ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ಹುಣಸೆಹಣ್ಣಿನೊಂದಿಗೆ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದರು. ಜರಡಿ ಹಿಡಿಯದೆ ತಿಕ್ಕಿದ ಸೊಸೆಗೆ ಬೈಗುಳ ಬೀಳುತ್ತಿತ್ತು, ಒಂದೇ ಒಂದು ದಪ್ಪ ಹರಳು ತಂಬಿಗೆಯ ಮೇಲೆ ಗೆರೆ ಎಳೆದುಬಿಡುತ್ತದೆಂದು. ಎಮರಿ ಕಾಗದದ ಕಾರ್ಖಾನೆಯಲ್ಲೂ ನಡೆಯುವುದು ಇದೇ ಜರಡಿ ಕೆಲಸ. ಅಂದಹಾಗೆ ಅಜ್ಜಿಯ ಇನ್ನೊಂದು ಸಾಮಗ್ರಿಯಾದ ಒಲೆಯ ಬೂದಿ ಮಾತ್ರ ಅಲ್ಯುಮಿನಿಯಂಗೆ ಆಗಿಬರುವುದಿಲ್ಲ. ಬೂದಿ, ಚಾಕಲಿ ಸೋಡಾ ಮೊದಲಾದ ಕ್ಷಾರಗಳು ಅಲ್ಯುಮಿನಿಯಂ ಅನ್ನು ತಿನ್ನುತ್ತವೆ, ಕಪ್ಪಾಗಿಸುತ್ತವೆ. ಕಾಸ್ಟಿಕ್ ಸೋಡಾವಂತೂ ಗಾಲಿಯ ಹತ್ತಿರ ಸುಳಿಯಬಾರದು. ಬಚ್ಚಲು ತೊಳೆಯುವ ಆಸಿಡ್ಡೂ ಅಷ್ಟೇ.

ಹುಡುಗನಿಗೆ ಬರೆದುಕೊಟ್ಟ ಪಟ್ಟಿಯಲ್ಲಿ ವಾಟರ್ ಪೇಪರ್ ಎಂದಿತ್ತು. ನೀರಿನಲ್ಲಿ ನೆನೆಸಿದರೂ ಹರಿಯದ, ಕಣ ಉದುರದ ಕಪ್ಪು ಕಾಗದ ಅದು. 220, 400, 600, 800, 1000, 1500, 2000, ಹೀಗೆ ಏಳು ನಂಬರು. ಅದರ ಮೇಲಿರುವ ಕಣ ಸಿಲಿಕಾನ್ ಕಾರ್ಬೈಡ್ ಎಂದು ಹೇಳಿದ್ದೇ ತಡ, ಅವನ ತಾಯಿ ಬಾಗಿಲಿಗೆ ಬಂದರು.

"ಕಾರ್ಬೈಡಾ? ಮಾವಿನಕಾಯಿ ಹಣ್ಣು ಮಾಡೋಕೆ ಹಾಕ್ತಿದ್ರಲ್ಲ, ಆ ವಿಷಾನಾ?"

ಮಾವಿನ ಸೀಮೆಯ ಹೆಣ್ಣುಮಗಳು ಈ ಪ್ರಶ್ನೆ ಕೇಳದಿದ್ದರೆ ಆಶ್ಚರ್ಯಪಡಬೇಕಿತ್ತು. ಮಾವಿಗೆ ಹಾಕುತ್ತಿದ್ದುದು ಕ್ಯಾಲ್ಸಿಯಂ ಕಾರ್ಬೈಡ್. ತೇವ ತಗುಲಿದರೆ ಅಸಿಟಿಲೀನ್ ಅನಿಲ ಬಿಡುತ್ತದೆ. ಹಣ್ಣು ಮಾಗಿಸಲು ಅದನ್ನು ಬಳಸುವುದು ಕಾನೂನಿನಂತೆ ನಿಷಿದ್ಧ. ಸಿಲಿಕಾನ್ ಕಾರ್ಬೈಡ್ ಬೇರೆಯೇ ಸ್ವಭಾವದ್ದು. ನೀರಿಗೆ ಜಗ್ಗದ, ವಜ್ರಕ್ಕೆ ಸ್ವಲ್ಪವೇ ಕೆಳಗಿನ ಗಡಸು ವಸ್ತು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಲು ಹೋಗಿ ಇದನ್ನು ಪಡೆದ. ಕೊರಂಡಮ್ ಎಂಬ ಖನಿಜದ ಹೆಸರನ್ನು ಅರ್ಧ ಎರವಲು ಪಡೆದು ಕಾರ್ಬೊರಂಡಮ್ ಎಂದು ಕರೆದ. ಆ ಕೊರಂಡಮ್ ಎಂಬ ಪದ ಇಂಗ್ಲಿಷಿಗೆ ಹೋದದ್ದು ನಮ್ಮ ಕಡೆಯಿಂದಲೇ. ಸಂಸ್ಕೃತದ ಕುರುವಿಂದ, ತಮಿಳಿನ ಕುರುಂದಂ ಅದರ ಮೂಲ. ಕುರುಂದದ ಕಲ್ಲು ಎಂದರೆ ರಾಸಾಯನಿಕವಾಗಿ ಅಲ್ಯುಮಿನಿಯಂ ಮತ್ತು ಆಮ್ಲಜನಕ ಕೂಡಿದ ಆಕ್ಸೈಡು. ಅದೇ ಆಕ್ಸೈಡಿನ ತೆಳ್ಳನೆಯ ಪೊರೆ ಪ್ರತಿಯೊಂದು ಅಲ್ಯುಮಿನಿಯಂ ಪಾತ್ರೆಯ ಮೇಲೂ ತಾನಾಗಿಯೇ ಕಟ್ಟಿಕೊಂಡು ಅದನ್ನು ಕಾಪಾಡುತ್ತದೆ. ಮಾಣಿಕ್ಯ, ನೀಲಮಣಿಗಳೂ ಅದೇ ಕುಲದವು.

ಉಜ್ಜಲು ಕೂರುವ ಮುನ್ನ ಗಾಲಿಯ ಜಾತಿ ತಿಳಿದುಕೊಳ್ಳಬೇಕು. ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಉಕ್ಕಿನ ಡಿಸ್ಕು, ಅಲ್ಯುಮಿನಿಯಂ ಅಲ್ಲ. ಅಂಟದಿದ್ದರೆ ಬಿಳಿ ಬಟ್ಟೆಗೆ ಕಡಲೆಕಾಳಿನಷ್ಟು ಲೋಹದ ಪಾಲಿಶ್ ತೆಗೆದುಕೊಂಡು ಒಂದು ಮೂಲೆಯಲ್ಲಿ ತಿಕ್ಕಿ. ಬಟ್ಟೆ ಕಪ್ಪಾದರೆ ಲೋಹ ಬೆತ್ತಲೆಯಾಗಿದೆ ಎಂದರ್ಥ. ಆ ಕಪ್ಪು ಕೊಳೆಯಲ್ಲ, ಸವೆದು ಬಂದ ಅಲ್ಯುಮಿನಿಯಮ್ಮೇ. ಬಟ್ಟೆ ಕಪ್ಪಾಗದಿದ್ದರೆ ಮೇಲೆ ಬಣ್ಣವೋ ಪಾರದರ್ಶಕ ಲೇಪವೋ ಇದೆ. ಈಗಿನ ಹೊಸ ಕಾರುಗಳ ಗಾಲಿಗಳಲ್ಲಿ ಬಹುಪಾಲು ಹೀಗೆ ಲೇಪ ಇರುವಂಥವು. ಲೇಪ ಚೆನ್ನಾಗಿದ್ದರೆ ಸೋಪುನೀರಿನಲ್ಲಿ ತೊಳೆದು ಸುಮ್ಮನಿರುವುದೇ ಜಾಣತನ. ಒಮ್ಮೆ ಅದನ್ನು ಕೆರೆದು ತೆಗೆದರೆ, ಮಳೆಗಾಲ ಬಂದಾಗಲೆಲ್ಲ ಆ ಗಾಲಿ ಮಂಕಾಗುತ್ತದೆ, ನೀವು ತಿಕ್ಕುತ್ತಲೇ ಇರಬೇಕು. ನಮ್ಮ ಹುಡುಗನ ಗಾಲಿಗಳ ಲೇಪ ಎಂದೋ ಸುಲಿದುಹೋಗಿತ್ತು.

ಗಾಲಿ ಬಿಚ್ಚುವುದು ಹಿರಿಯರು ಜೊತೆಗಿದ್ದು ಮಾಡಬೇಕಾದ ಕೆಲಸ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್‌ಬ್ರೇಕು, ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು. ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ ಆಮೇಲೆ ಜಾಕಿ ಏರಿಸಬೇಕು. ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಕೈಕಾಲು ಚಾಚಬಾರದು. ಒಂದು ಗಾಲಿ ಬಿಚ್ಚಿ, ಅದರ ಜಾಗಕ್ಕೆ ಸ್ಟೆಪ್ನಿ ಹಾಕಿ, ಕಾರನ್ನು ಇಳಿಸಿದ ಮೇಲೆಯೇ ಉಜ್ಜಲು ಕೂರಬೇಕು. ನಾಲ್ಕನ್ನೂ ಒಟ್ಟಿಗೆ ಬಿಚ್ಚಿ ಇಟ್ಟಿಗೆಯ ಮೇಲೆ ಕಾರು ನಿಲ್ಲಿಸುವ ಸಾಹಸ ಬೇಡ.

ಇನ್ನು ಧೂಳಿನ ಮಾತು. ತಾಯಿಯ ದೂರು ಹಪ್ಪಳದ್ದಾಗಿದ್ದರೂ ನನ್ನ ಕಣ್ಣು ಹೋದದ್ದು ಹುಡುಗನ ಮೂಗಿನ ಕಡೆಗೆ. ಉಜ್ಜಿದಾಗ ಗಾಲಿಯಿಂದ ಹೋದದ್ದು ಎಲ್ಲಿಯೂ ಮಾಯವಾಗುವುದಿಲ್ಲ, ಯಾವುದಾದರೊಂದು ಕಡೆ ಸೇರಲೇಬೇಕು. ಈ ಪಾಠವನ್ನು ಕೋಲಾರ ಜಿಲ್ಲೆಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಭಾರತದಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಮೊದಲು ದಾಖಲಾದದ್ದು ನಮ್ಮ ಚಿನ್ನದ ಗಣಿಯಲ್ಲಿ, 1934ರಲ್ಲಿ. ಕಲ್ಲು ಕೊರೆದಾಗ ಏಳುವ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಎದೆಯೊಳಗೆ ಹೋಗಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಅದಾದ ಮೇಲೂ ಎಷ್ಟೋ ಮನೆಗಳಲ್ಲಿ ಕೆಮ್ಮು ಉಳಿಯಿತು.

ಅಲ್ಯುಮಿನಿಯಂ ಧೂಳು ಕಲ್ಲಿನ ಧೂಳಲ್ಲ, ಅದೇ ಕಾಯಿಲೆ ತರುವುದೂ ಇಲ್ಲ. ಹಾಗಾದರೆ ನಿರಪಾಯವೇ? ಹಾಗೆಂದು ನಂಬಿದ ಕಾಲವೊಂದಿತ್ತು. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ 1943ರಿಂದ 1979ರವರೆಗೆ ಗಣಿ ಕಾರ್ಮಿಕರಿಗೆ ಸಿಲಿಕೋಸಿಸ್ ಬರದಿರಲೆಂದು, ಪಾಳಿಗೆ ಇಳಿಯುವ ಮುನ್ನ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಲ್ಯುಮಿನಿಯಂ ಪುಡಿಯನ್ನು ಗಾಳಿಗೆ ಊದಿ ಉಸಿರಾಡಿಸುತ್ತಿದ್ದರು. ಮೆಕಿಂಟೈರ್ ಪೌಡರ್ ಎಂದು ಅದರ ಹೆಸರು. ಸಿಲಿಕೋಸಿಸ್ ಅದರಿಂದ ನಿಲ್ಲಲಿಲ್ಲ. ಬಹಳ ವರ್ಷಗಳ ನಂತರ, ಆ ಪುಡಿ ಉಸಿರಾಡಿದವರಲ್ಲಿ ಪಾರ್ಕಿನ್ಸನ್ ಕಾಯಿಲೆ ಹೆಚ್ಚು ಎಂಬುದು ಅಧ್ಯಯನದಿಂದ ಗೊತ್ತಾಯಿತು. ಆ ಕಾರ್ಮಿಕರ ಕ್ಷಮೆಯನ್ನು ಅಲ್ಲಿನ ಸರ್ಕಾರ ಕೇಳಿದ್ದು 2024ರಲ್ಲಿ. ಒಬ್ಬ ಕಾರ್ಮಿಕನ ಮಗಳು ಹಟ ಹಿಡಿದು ದಾಖಲೆ ಕಲೆಹಾಕದೆ ಹೋಗಿದ್ದರೆ ಅದೂ ಆಗುತ್ತಿರಲಿಲ್ಲವೇನೋ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಘಟನೆ ಚೀನಾದ್ದು. 2014ರ ಆಗಸ್ಟ್ 2ರ ಬೆಳಿಗ್ಗೆ ಕುನ್‌ಶಾನ್ ಎಂಬ ಊರಿನಲ್ಲಿ, ಕಾರಿನ ಅಲ್ಯುಮಿನಿಯಂ ಗಾಲಿಗಳನ್ನು ಪಾಲಿಶ್ ಮಾಡುವ ಕಾರ್ಖಾನೆಯೇ ಸ್ಫೋಟಿಸಿತು. ಮಾಡುತ್ತಿದ್ದುದು ನಮ್ಮ ಹುಡುಗ ಮಾಡುತ್ತಿದ್ದ ಕೆಲಸವೇ, ಆದರೆ ಯಂತ್ರಗಳಲ್ಲಿ, ನೂರಾರು ಜನ ಒಂದೇ ಸೂರಿನಡಿ. ಸಿಡಿದದ್ದು ಧೂಳು. ಮುದ್ದೆ ಅಲ್ಯುಮಿನಿಯಂ ಬೆಂಕಿಗೆ ಜಗ್ಗದಿದ್ದರೂ, ಹಿಟ್ಟಿನಂತೆ ನುಣ್ಣಗಾಗಿ ಗಾಳಿಯಲ್ಲಿ ತೇಲುವಾಗ ಕಿಡಿ ತಗುಲಿದರೆ ಸಿಡಿಮದ್ದಿನಂತೆ ಉರಿಯುತ್ತದೆ. ಧೂಳು ಹೀರುವ ಯಂತ್ರದ ತೊಟ್ಟಿಯಲ್ಲಿ ಕೂಡಿದ್ದ ಪುಡಿಗೆ ತೇವ ತಗುಲಿ, ಕಾವೇರಿ ಹೊತ್ತಿಕೊಂಡಿತೆಂದು ತನಿಖೆ ಹೇಳಿತು. ಕೊನೆಗೆ ಸತ್ತವರ ಎಣಿಕೆ 146.

ಅಂಗಳದಲ್ಲಿ ಕೈಯಿಂದ ಉಜ್ಜುವ ಒಂದು ಗಾಲಿಗೂ ಆ ಕಾರ್ಖಾನೆಗೂ ಹೋಲಿಕೆಯಿಲ್ಲ, ಪೋಷಕರು ಗಾಬರಿಯಾಗಬೇಕಿಲ್ಲ. ಇದನ್ನು ಬರೆದದ್ದಕ್ಕೆ ಕಾರಣ ಬೇರೆ. ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಿಗೆ ಈ ಜಿಲ್ಲೆಯ ಐಟಿಐ, ಡಿಪ್ಲೊಮಾ ಮಕ್ಕಳು ದಿನವೂ ಬಸ್ಸು ಹತ್ತಿ ಹೋಗುತ್ತಾರೆ. ಲೋಹ ಅರೆಯುವ, ಉಜ್ಜುವ ಯಾವುದೇ ಶೆಡ್ಡಿನಲ್ಲಿ ಮೊದಲ ದಿನ ಸಂಬಳದ ಜೊತೆಗೆ ಇನ್ನೊಂದು ಮಾತನ್ನೂ ಕೇಳಬಹುದು: ಇಲ್ಲಿನ ಧೂಳು ಎಲ್ಲಿಗೆ ಹೋಗುತ್ತದೆ? ಮುಖಕ್ಕೆ ಹಾಕಲು ಏನು ಕೊಡುತ್ತೀರಿ? ಕೇಳಿದವನನ್ನು ತಲೆಹರಟೆ ಎಂದುಕೊಳ್ಳುವ ಮೇಲ್ವಿಚಾರಕನಿದ್ದರೆ ಆ ಶೆಡ್ಡಿನ ಬಗ್ಗೆ ಅಷ್ಟರಮಟ್ಟಿಗೆ ತಿಳಿದಂತಾಯಿತು.

ಮನೆಯಲ್ಲಿ ಇದಕ್ಕೆ ಉಪಾಯ ನೀರು. ನೀರು ಹಾಕಿ ಉಜ್ಜಿದರೆ ಧೂಳು ಏಳುವುದೇ ಇಲ್ಲ, ಕೆಸರಾಗಿ ಇಳಿಯುತ್ತದೆ. ಕಾಗದದ ಸಂದುಗಳೂ ಕಟ್ಟಿಕೊಳ್ಳುವುದಿಲ್ಲ, ಕೆಲಸ ಬೇಗ ಸಾಗುತ್ತದೆ. ನೀರಿಗೆ ಜಗ್ಗುವ ಈ ಕಾಗದವನ್ನು ಕಂಡುಹಿಡಿದವನು ಫ್ರಾನ್ಸಿಸ್ ಓಕಿ ಎಂಬ ಅಮೆರಿಕದ ಶಾಯಿ ವ್ಯಾಪಾರಿ. ತ್ರೀಎಂ ಕಂಪನಿ 1921ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಕಾರಿನ ಕಾರ್ಖಾನೆಗಳಲ್ಲಿ ಕೆಲಸಗಾರರು ನುಂಗುತ್ತಿದ್ದ ಧೂಳು ಇದರಿಂದ ಎಷ್ಟೋ ತಗ್ಗಿತು.

ಹಾಗೆ ಮಾರನೆಯ ದಿನ ಹುಡುಗ ಹೊಸದಾಗಿ ಶುರುಮಾಡಿದ. ಮೊದಲು ಸೋಪುನೀರಿನಲ್ಲಿ ಗಾಲಿಯನ್ನು ತೊಳೆದ. ಮೆತ್ತಿದ್ದ ಡಾಂಬರಿಗೆ ಸೀಮೆಎಣ್ಣೆ ಬಟ್ಟೆ. ಬ್ರೇಕಿನ ಕರಿ ಹೋಗಲು ಹಳೆಯ ಹಲ್ಲುಜ್ಜುವ ಬ್ರಷ್ಷು. ಟೈರಿನ ಅಂಚಿಗೆ ಟೇಪು ಅಂಟಿಸಿದ. ಫುಟ್‌ಪಾತಿಗೆ ತಗುಲಿ ಎದ್ದಿದ್ದ ಮುಳ್ಳುಗಳನ್ನು ಮಾತ್ರ ಸಣ್ಣ ಅರದಿಂದ ತಗ್ಗಿಸಿದ. ಕಾಗದವನ್ನು ಅರ್ಧ ಗಂಟೆ ನೆನೆಸಿ, ರಬ್ಬರಿನ ತುಂಡಿಗೆ ಸುತ್ತಿ, ಎರಡು ಹನಿ ಸೋಪು ಬೆರೆಸಿದ ನೀರಿನಲ್ಲಿ ಅದ್ದಿ ಅದ್ದಿ ಉಜ್ಜತೊಡಗಿದ.

ಇಲ್ಲೊಂದು ಗುಟ್ಟಿದೆ. ಒಂದು ನಂಬರಿನ ಕಾಗದದಲ್ಲಿ ಉದ್ದಕ್ಕೆ ಉಜ್ಜಿದರೆ ಮುಂದಿನ ನಂಬರಿನಲ್ಲಿ ಅಡ್ಡಕ್ಕೆ ಉಜ್ಜಬೇಕು. ಉದ್ದ ಗೆರೆಗಳೆಲ್ಲ ಅಳಿದು ಬರೀ ಅಡ್ಡ ಗೆರೆಗಳು ಉಳಿದಾಗ ಆ ಮೆಟ್ಟಿಲು ಮುಗಿಯಿತೆಂದು ಅರ್ಥ. ದಿಕ್ಕು ಬದಲಿಸದೆ ಉಜ್ಜಿದರೆ ಹಳೆಯ ಗೀರು ಯಾವುದು, ಹೊಸದು ಯಾವುದೆಂದು ದೇವರಿಗೂ ತಿಳಿಯದು. ಮೆಟ್ಟಿಲು ಬದಲಿಸುವಾಗಲೆಲ್ಲ ಗಾಲಿ, ಬಟ್ಟೆ, ಕೈ ಮೂರನ್ನೂ ತೊಳೆದು ಬಕೆಟ್ಟಿನ ನೀರನ್ನೂ ಬದಲಿಸಬೇಕು. 400ರ ಕಣವೊಂದು 1500ರ ಬಟ್ಟೆಯಲ್ಲಿ ಉಳಿದರೆ ಅಜ್ಜಿಯ ತಂಬಿಗೆಯ ಕಥೆಯೇ. ಒಂದು ಗಾಲಿಗೆ ಒಂದು ಇಡೀ ದಿನ ಹಿಡಿಯುತ್ತದೆ, ಮೊದಲ ಗಾಲಿಗೆ ಒಂದೂವರೆ ದಿನ. ಡ್ರಿಲ್ ಯಂತ್ರಕ್ಕೆ ಉಜ್ಜುವ ಚಕ್ರ ಸಿಕ್ಕಿಸಿದರೆ ಬೇಗ ಮುಗಿಯುತ್ತದಲ್ಲ ಎಂದು ಅವನು ಕೇಳಿದ. ನೀರಿದ್ದ ಕಡೆ ವಿದ್ಯುತ್ ಯಂತ್ರ ಬೇಡ, ನೀರಿಲ್ಲದೆ ಉಜ್ಜಿದರೆ ಧೂಳು ಎಂದೆ. ಸುಮ್ಮನಾದ.

ಕೆಸರನ್ನು ಏನು ಮಾಡುವುದು? ಹಳೆಯ ಪತ್ರಿಕೆಯ ಮೇಲೆ ಸುರಿದು ಬಯಲಿನಲ್ಲಿ ಒಣಗಿಸಿ, ಕಾಗದ ಸಮೇತ ಮಡಚಿ ಕಸಕ್ಕೆ ಹಾಕಬಹುದು. ಮುಚ್ಚಳ ಬಿಗಿದ ಡಬ್ಬಿಯಲ್ಲಿ ಮಾತ್ರ ತುಂಬಿಡಬಾರದು. ನುಣ್ಣನೆಯ ಅಲ್ಯುಮಿನಿಯಂ ನೀರಿನೊಂದಿಗೆ ನಿಧಾನವಾಗಿ ವರ್ತಿಸಿ ಹೈಡ್ರೋಜನ್ ಬಿಡುತ್ತದೆ.

ನಮ್ಮೂರಿನ ಬೋರ್‌ವೆಲ್ ನೀರಿನದು ಇನ್ನೊಂದು ತಾಪತ್ರಯ. ಗಡಸು ನೀರು ಆರಿದ ಜಾಗದಲ್ಲೆಲ್ಲ ಸುಣ್ಣದ ಚುಕ್ಕೆ ಉಳಿಯುತ್ತದೆ. ಮಂಕು ಗಾಲಿಯ ಮೇಲೆ ಕಾಣದ್ದು ಹೊಳೆಯುವ ಗಾಲಿಯ ಮೇಲೆ ಸಿಡುಬಿನ ಕಲೆಯಂತೆ ಕಾಣುತ್ತದೆ. ಕೊನೆಯ ಬಾರಿ ಒಂದೆರಡು ಚೊಂಬು ಶುದ್ಧ ನೀರಿನ ಘಟಕದ ನೀರು ಹಾಕಿ, ಆರಲು ಬಿಡದೆ ತಕ್ಷಣ ಒರೆಸಬೇಕು. ಆಮೇಲೆ ಪಾಲಿಶ್. ಅವನು ದೂರಿದ್ದ ಅದೇ ಡಬ್ಬಿಯ ಪಾಲಿಶ್, ಹಳೆಯ ಹತ್ತಿ ಬನಿಯನ್ನಿನ ತುಂಡಿನಲ್ಲಿ. ಬಟ್ಟೆ ಕರ್ರಗಾದಂತೆ ತುಂಡು ಬದಲಿಸುತ್ತ ಹೋದರೆ ಒಂದು ಹಂತದಲ್ಲಿ ಗಾಲಿಯೊಳಗಿನಿಂದ ನಿಮ್ಮ ಮುಖ ನಿಮ್ಮನ್ನೇ ನೋಡುತ್ತದೆ. ಕೊನೆಗೆ ತೆಳ್ಳಗೆ ಮೇಣ. ಮೊದಲ ಗಾಲಿ ಮುಗಿದಾಗ ಬೀದಿಯ ಮಕ್ಕಳೆಲ್ಲ ಬಂದು ಹಲ್ಲು ಕಿರಿದು ನೋಡಿಕೊಂಡು ಹೋದರು.

ಮೂರನೆಯ ಗಾಲಿಯ ಹೊತ್ತಿಗೆ ಹುಡುಗನ ಕೈ ಪಳಗಿತ್ತು. ಸಂಜೆ ನನ್ನನ್ನು ಕರೆದ.

"ಮೇಷ್ಟ್ರೇ, ಇಲ್ಲೊಂದು ಗೀರು ಮಾತ್ರ ಹೋಗ್ತಾನೇ ಇಲ್ಲ. ಉದ್ದ, ಅಡ್ಡ ಎರಡೂ ಉಜ್ಜಿದೆ."

ಗಾಲಿಯ ತೋಳೊಂದು ಹೊರಬಳೆಗೆ ಕೂಡುವ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಎಳೆ. ಕೂದಲು ಅಂಟಿದೆಯೇನೋ ಎನ್ನುವಂತಿತ್ತು. ಗೀರಿಗೆ ತಳವಿರುತ್ತದೆ; ತಳ ಸಿಗುವವರೆಗೆ ಉಜ್ಜಿದರೆ ಮಾಯವಾಗುತ್ತದೆ. ಇದು ಉಜ್ಜಿದಷ್ಟೂ ಸ್ಪಷ್ಟವಾಗುತ್ತಿತ್ತು.

ರೈಲ್ವೆ ವರ್ಕ್‌ಶಾಪುಗಳಲ್ಲಿ ಬಹಳ ಹಿಂದೆ ಬಳಸುತ್ತಿದ್ದ ಪರೀಕ್ಷೆಯೊಂದಿದೆ. ಶಾಲೆಯ ಚಾಕ್‌ಪೀಸೂ ಸ್ವಲ್ಪ ಸೀಮೆಎಣ್ಣೆಯೂ ಸಾಕು. ಅನುಮಾನವಿದ್ದ ಜಾಗಕ್ಕೆ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಒಣಬಟ್ಟೆಯಿಂದ ಪೂರ್ತಿ ಒರೆಸಿ, ಚಾಕ್‌ಪೀಸಿನ ಪುಡಿ ಉದುರಿಸಿದೆವು. ಗೀರಾಗಿದ್ದರೆ ಪುಡಿ ಬೆಳ್ಳಗೆ ಹಾಗೇ ಉಳಿಯಬೇಕು. ಐದು ನಿಮಿಷದಲ್ಲಿ ಬಿಳಿಯ ನಡುವೆ ಒದ್ದೆ ಗೆರೆಯೊಂದು ಮೂಡಿ ಬಂತು, ನಾವು ನೋಡಿದ್ದ ಎಳೆಗಿಂತ ಎರಡರಷ್ಟು ಉದ್ದ. ಬಿರುಕಿನೊಳಗೆ ಅಡಗಿದ್ದ ಎಣ್ಣೆಯನ್ನು ಚಾಕ್ ಹೊರಗೆಳೆದಿತ್ತು. ಈ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಗಾಲಿ ಗಟ್ಟಿ ಎಂದು ಖಾತರಿಯಾಗಿ ಹೇಳಲಾಗುವುದಿಲ್ಲ. ಕಂಡರೆ ಮಾತ್ರ ಅನುಮಾನಕ್ಕೆ ಜಾಗವಿಲ್ಲ.

ತಂದೆ ರಾತ್ರಿ ಮಂಡಿಯಿಂದ ಬಂದರು. ಮಾವಿನ ಸುಗ್ಗಿಯ ದಣಿವು. ಗಾಲಿ ನೋಡಿ, "ಒಂದೂವರೆ ವರ್ಷದಿಂದ ಇದರಲ್ಲೇ ಓಡಾಡ್ತಿದ್ದೀನಿ, ಏನಾಗಿದೆ? ಒಂದು ವೆಲ್ಡಿಂಗ್ ಹೊಡೆಸಿ, ಪುಟ್ಟಿ ಹಾಕಿ ಬಣ್ಣ ಬಳಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದರು.

"ಗಾಲಿಗೆ ಗೊತ್ತಾಗುತ್ತಲ್ಲಪ್ಪ" ಎಂದ ಮಗ.

ಅವರು ಹೇಳಿದ್ದೂ ಊರೆಲ್ಲ ಹೇಳುವ ಮಾತೇ. ಆದರೆ ಎರಕದ ಗಾಲಿಯ ಬಲ ಬರೀ ಲೋಹದಿಂದ ಬಂದದ್ದಲ್ಲ. ಅಲ್ಯುಮಿನಿಯಂಗೆ ಸುಮಾರು ಶೇಕಡಾ 7ರಷ್ಟು ಸಿಲಿಕಾನ್, ಚಿಟಿಕೆ ಮೆಗ್ನೀಸಿಯಂ ಬೆರೆಸಿ ಎರಕ ಹೊಯ್ದು, ಆಮೇಲೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಹದವಾಗಿ ಕಾಯಿಸಿ ಆ ಬಲವನ್ನು ತರುತ್ತಾರೆ. ಬಿರುಕಿಗೆ ವೆಲ್ಡಿಂಗ್ ಹೊಡೆದರೆ ಸುತ್ತಲಿನ ಆ ಹದ ಕೆಡುತ್ತದೆ. ಮೇಲೆ ಮುಚ್ಚಿದಂತೆ ಕಂಡರೂ ಪಕ್ಕದಲ್ಲಿ ಮೆತ್ತಗಾಗಿರುತ್ತದೆ. ಬಿರುಕು ಬೆಳೆಯುವುದು ಪ್ರತಿ ಗುಂಡಿಗೂ ಒಂದೊಂದು ಕೂದಲೆಳೆಯಷ್ಟು. ಮುರಿಯುವುದು ಒಂದೇ ಕ್ಷಣದಲ್ಲಿ. ಇದನ್ನೆಲ್ಲ ನಾನು ಹೇಳಿದೆ. ಅವರಿಗೆ ಅರ್ಧ ಒಪ್ಪಿಗೆಯಾಯಿತೋ ಇಲ್ಲವೋ. ಒಂದೇ ಗಾಲಿ ಅದೇ ನಮೂನೆಯದು ಎಲ್ಲಿ ಸಿಗಬೇಕು, ನಾಲ್ಕನ್ನೂ ಹೊಸದಾಗಿ ಕೊಳ್ಳಲು ಈ ವರ್ಷದ ಮಾವಿನ ಬೆಲೆ ನೋಡಿದ್ದೀರಾ ಎಂದು ನನ್ನನ್ನೇ ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಕೊಟ್ಟವರು ಅವರ ಮನೆಯವರು. ತಟ್ಟೆಗೆ ಮುದ್ದೆ ಬಡಿಸುತ್ತಲೇ, "ಆ ಗಾಲಿ ಹಾಕಿದ ಕಾರಲ್ಲಿ ನಾನು ತವರಿಗೆ ಬರಲ್ಲ, ಬಸ್ಸಲ್ಲಿ ಹೋಗ್ತೀನಿ. ನೀವೂ ಹೋಗ್ಬೇಡಿ" ಎಂದರು.

ಈಗ ಆ ಕಾರಿಗೆ ಮೂರು ಕನ್ನಡಿ ಗಾಲಿಗಳು, ನಾಲ್ಕನೆಯದು ಅದೇ ಅಳತೆಯ ಕಪ್ಪು ಉಕ್ಕಿನ ಡಿಸ್ಕು. ಅಲ್ಯುಮಿನಿಯಂ ಗಾಲಿಯ ನಟ್ಟು ಉಕ್ಕಿನ ಡಿಸ್ಕಿಗೆ ಎಷ್ಟೋ ಸಲ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಅದಕ್ಕೆ ಹೊಂದುವ ನಟ್ಟುಗಳನ್ನೇ ಕೊಂಡು ತಂದರು. ಮಂಡಿಯಲ್ಲಿ ಜನ ಚುಡಾಯಿಸುತ್ತಾರಂತೆ. ಒಡೆದ ಗಾಲಿಯನ್ನು ಗುಜರಿಗೆ ಹಾಕುವ ಮುಂಚೆ ಹುಡುಗ ಹ್ಯಾಕ್ಸಾ ಹಿಡಿದು ಅದರ ಹೊರಬಳೆಯನ್ನು ಎರಡು ಕಡೆ ಕತ್ತರಿಸಿದ, ಇನ್ನೊಬ್ಬರಿಗೆ ಬಣ್ಣ ಬಳಿದು ಮಾರದಿರಲಿ ಎಂದು. ನೀರು ಹಾಕಿಕೊಂಡೇ ಕತ್ತರಿಸಿದ. ಗುಜರಿಯವನು ಬೈದುಕೊಂಡು ತೂಕದ ಲೆಕ್ಕದಲ್ಲಿ ದುಡ್ಡು ಕೊಟ್ಟ.